ಕನಕಾ ಮೂರ್ತಿಯವರ ಕಲ್ಲುಗಳಿಗೆ ಒಂದು ಪಟ್ಟಿ ಬೇಕು: ಒಂದು ಬಹಿರಂಗ ಪತ್ರ

ಕರ್ನಾಟಕ ಶಿಲ್ಪಕಲಾ ಅಕಾಡೆಮಿಯ ಅಧ್ಯಕ್ಷರಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೆ, ಮತ್ತು ಮನೆಯಲ್ಲೋ ಗುಡಿಯಲ್ಲೋ ಕಚೇರಿಯಲ್ಲೋ ಕನಕಾ ಮೂರ್ತಿಯವರು ಕೆತ್ತಿದ ಒಂದು ಕಲ್ಲನ್ನಾದರೂ ಇಟ್ಟುಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ಶಿಲ್ಪಿ ಕನಕಾ ಮೂರ್ತಿಯವರು ತೀರಿಕೊಂಡದ್ದು 2021ರ ಮೇ 13ರಂದು. ಕೋವಿಡ್‌ನ ಎರಡನೇ ಅಲೆಯ ದಿನಗಳು. ಅವರಿಗೆ 78 ವರ್ಷ. ಆ ತಿಂಗಳು ಯಾರಿಗೂ ಯಾರನ್ನೂ ಸರಿಯಾಗಿ ಕಳಿಸಿಕೊಡಲು ಆಗಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿ ಬಂತು, ಬಲ್ಲವರು ನಾಲ್ಕು ಮಾತು ಬರೆದರು, ಆಮೇಲೆ ಎಲ್ಲರೂ ತಂತಮ್ಮ ಮನೆಯ ಸಂಕಟಕ್ಕೆ ಮರಳಿದರು. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಆದರೆ ಅವರು ಕೆತ್ತಿದ ಕಲ್ಲುಗಳು ಇವತ್ತಿಗೂ ನಮ್ಮ ನಡುವೆಯೇ ಇವೆ. ಅವು ಎಲ್ಲೆಲ್ಲಿವೆ, ಯಾರ ಕೈಯಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಒಂದು ಕಡೆ ಬರೆದಿಡಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಹೆಸರು ಕೇಳದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕನಕಾ ಹುಟ್ಟಿದ್ದು 1942ರ ಡಿಸೆಂಬರ್ 2ರಂದು, ತಿರುಮಕೂಡಲು ನರಸೀಪುರದಲ್ಲಿ. ಕಾವೇರಿ, ಕಪಿಲೆ ಕೂಡುವ ಊರು. ಅದೇ ತಾಲ್ಲೂಕಿನಲ್ಲಿ ತಲಕಾಡು ಇದೆ, ಸೋಮನಾಥಪುರ ಇದೆ. ಓದಿದ್ದು ವಿಜ್ಞಾನ. ಮುಂದೆ ಬೆಂಗಳೂರಿನಲ್ಲಿ ಕಲಾಮಂದಿರ ಸೇರಿದರು, 1919ರಲ್ಲಿ ಅ.ನ. ಸುಬ್ಬರಾಯರು ಶುರು ಮಾಡಿದ ಆ ಹಳೆಯ ಕಲಾಶಾಲೆ. ಅಲ್ಲಿ ದೇವಲಕುಂದ ವಾದಿರಾಜರು ಗುರುವಾಗಿ ಸಿಕ್ಕರು. ವಾದಿರಾಜರು ಚಾಲುಕ್ಯ, ಹೊಯ್ಸಳ, ಚೋಳ ಮೂರೂ ಶೈಲಿಗಳಲ್ಲಿ ಪಳಗಿದ ಕೈ. ಕಲ್ಲು ಕೆತ್ತುವುದು ಗಂಡಸರ ಕೆಲಸ, ಹೆಣ್ಣು ಉಳಿ ಹಿಡಿಯಬಾರದು ಎಂದು ನಂಬಿದ್ದ ಕಾಲ ಅದು. ಶಿಲ್ಪಿಗಳ ಮನೆತನದಲ್ಲೂ ಹುಟ್ಟದ ಒಬ್ಬ ಹುಡುಗಿಗೆ ವಾದಿರಾಜರು ಉಳಿ ಸುತ್ತಿಗೆ ಕೊಟ್ಟರು. ಆ ಹುಡುಗಿ ಅದನ್ನು ಕೊನೆಯವರೆಗೆ ಬಿಡಲಿಲ್ಲ. ಗುರು 1993ರಲ್ಲಿ ಹೋದರು. ಕನಕಾ ಆಮೇಲೂ ಕೆತ್ತುತ್ತಲೇ ಇದ್ದರು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಅವರ ಕೆಲಸ ನೀವು ನೋಡಿರುವ ಸಾಧ್ಯತೆ ಜಾಸ್ತಿ. ಲಾಲ್‌ಬಾಗ್‌ನ ಪಶ್ಚಿಮ ದ್ವಾರದ ಬಳಿ ಇರುವ ಕುವೆಂಪು ಅವರ ಮೂರ್ತಿ ಇವರದೇ. ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ರೈಟ್ ಸಹೋದರರೂ ಇವರ ಕೈಯವರೇ. ಹಿಂದೂಸ್ತಾನಿ ಸಂಗೀತವೆಂದರೆ ಅವರಿಗೆ ಪ್ರಾಣ, ಹಾಗಾಗಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರಂಥವರ ಮುಖಗಳನ್ನು ಕಲ್ಲಿನಲ್ಲಿ ತೆಗೆದರು. ಇದೆಲ್ಲದರ ಜೊತೆಗೆ ದೇವರ ವಿಗ್ರಹಗಳು. ಗಣಪತಿ, ವಿಷ್ಣು, ದೇವಿ. ಗುಡಿಗಳಿಗೆ ಹೋದವು, ಮನೆಗಳಿಗೆ ಹೋದವು.

ನನ್ನ ಚಿಂತೆ ಹೆಚ್ಚಾಗಿ ಈ ಹೋದ ವಿಗ್ರಹಗಳದ್ದು. ಎಲ್ಲಿಗೆ ಹೋದವು? ನಾನು ಹುಡುಕಿದ ಕಡೆಯೆಲ್ಲ ಸಿಕ್ಕಿದ್ದು "200ಕ್ಕೂ ಹೆಚ್ಚು ಶಿಲ್ಪಗಳು" ಎಂಬ ಒಂದೇ ಮಾತು. ಆ 200ರಲ್ಲಿ ಹೆಸರು ಹಿಡಿದು ಹೇಳಬಹುದಾದವು ಹತ್ತು ಹದಿನೈದು. ಉಳಿದವುಗಳ ವಿಷಯ ಅವರ ಮನೆಯವರಿಗೆ ಗೊತ್ತಿರಬಹುದು, ಜೊತೆಗೆ ಕೆಲಸ ಮಾಡಿದವರಿಗೆ, ಕಲ್ಲು ತಂದುಕೊಟ್ಟವರಿಗೆ, ವಿಗ್ರಹ ಮಾಡಿಸಿಕೊಂಡ ಭಕ್ತರಿಗೆ ಗೊತ್ತಿರಬಹುದು. ಅವರಲ್ಲಿ ಎಷ್ಟೋ ಜನರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಅವರನ್ನು ಈಗಲೇ ಕೂರಿಸಿಕೊಂಡು ಕೇಳಬೇಕು. ಇದನ್ನೇ ನಾನು ಮೊದಲು ಕೇಳುತ್ತಿರುವುದು, ಕೊನೆಗೂ ಇದನ್ನೇ ಕೇಳುವುದು.

ಮತ್ತೆ ಸೋಮನಾಥಪುರಕ್ಕೆ ಬರುತ್ತೇನೆ, ಯಾಕೆಂದರೆ ಅದು ಕನಕಾ ಅವರ ತಾಲ್ಲೂಕೇ. ಅಲ್ಲಿನ ಕೇಶವ ದೇವಾಲಯ 13ನೇ ಶತಮಾನದ್ದು. ಹೊರಗೋಡೆಯ ಮೂರ್ತಿಗಳ ಕೆಳಗೆ ಬಗ್ಗಿ ನೋಡಿದರೆ ಶಿಲ್ಪಿಗಳ ಹೆಸರು ಕಾಣುತ್ತದೆ. ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಕೊರೆದಿದ್ದಾರೆ. ಏಳರಿಂದ ಒಂಬತ್ತು ನೂರು ವರ್ಷದ ಹಿಂದೆ ರಾಜರೂ ದಂಡನಾಯಕರೂ ಕೆಲಸದವನ ಹೆಸರಿಗೆ ಜಾಗ ಬಿಟ್ಟರು. ಹಾಗಾಗಿಯೇ ಇವತ್ತು ಯಾವ ಮೂರ್ತಿ ಮಲ್ಲಿತಮ್ಮನದು, ಅವನ ಕೈ ಹೇಗಿತ್ತು, ಪಕ್ಕದವನ ಕೈಗಿಂತ ಹೇಗೆ ಬೇರೆ ಎಂದು ವಿದ್ವಾಂಸರು ಹೇಳಬಲ್ಲರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಎಷ್ಟು ಹೆಮ್ಮೆ ಪಟ್ಟೆವು. 13ನೇ ಶತಮಾನದ ಮಲ್ಲಿತಮ್ಮ ಎಲ್ಲೆಲ್ಲಿ ಏನೇನು ಕೆತ್ತಿದ ಎಂದು ನಮಗೆ ಗೊತ್ತು, ಮೊನ್ನೆ ಮೊನ್ನೆಯವರೆಗೆ ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದ, ಅದೇ ಸೀಮೆಯ, ಅದೇ ಶೈಲಿ ಕಲಿತ ಒಬ್ಬ ಹೆಣ್ಣುಮಗಳು ಏನೇನು ಕೆತ್ತಿದರು ಎಂದು ಕೇಳಿದರೆ ಪೂರ್ತಿ ಉತ್ತರವಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ಸಾಂಪ್ರದಾಯಿಕ ಶಿಲ್ಪಿಯ ಕೆಲಸ ಕಳೆದುಹೋಗುವ ಬಗೆಯೇ ಬೇರೆ. ಚಿತ್ರಕಾರರ ಕ್ಯಾನ್ವಾಸಿನ ಮೂಲೆಯಲ್ಲಿ ಸಹಿ ಇರುತ್ತದೆ, ಗ್ಯಾಲರಿಯ ರಸೀದಿ ಇರುತ್ತದೆ, ಕ್ಯಾಟಲಾಗ್ ಇರುತ್ತದೆ. ದೇವರ ವಿಗ್ರಹಕ್ಕೆ ಅವು ಯಾವುದೂ ಇಲ್ಲ. ಪ್ರತಿಷ್ಠೆಯ ಹೊತ್ತಿಗೆ ಶಿಲ್ಪಿ ಕಣ್ಣು ತೆರೆಸಿ, ಶಾಲು ಫಲ ತಾಂಬೂಲ ತೆಗೆದುಕೊಂಡು ಹೊರಗೆ ಬರುತ್ತಾರೆ. ಆಮೇಲೆ ಗರ್ಭಗುಡಿಯ ಒಳಗೆ ಅವರಿಗೂ ಪ್ರವೇಶವಿಲ್ಲ. ಕಲ್ಲು ದೇವರಾಯಿತು, ಕೆತ್ತಿದವರ ಹೆಸರು ಕೇಳುವವರಿಲ್ಲ. ಆ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಪೂಜೆಯಲ್ಲಿರುವ ವಿಗ್ರಹಕ್ಕೆ ಬೋರ್ಡು ಹಾಕಿ ಎಂದು ನಾನು ಕೇಳುತ್ತಿಲ್ಲ. ದೇವಸ್ಥಾನದ ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆದಿಡಬಹುದು ಅಲ್ವಾ? ಯಾವ ವರ್ಷ, ಯಾವ ಕಲ್ಲು, ಎಷ್ಟು ಎತ್ತರ, ಕೆತ್ತಿದವರು ಯಾರು. ಪ್ರತಿಷ್ಠೆ ಮಾಡಿಸಿದ ದಾನಿಗಳ ಹೆಸರು ಅಮೃತಶಿಲೆಯಲ್ಲಿ ಗೋಡೆಗೆ ಹಾಕಿಸುತ್ತೇವೆ. ಅದೇ ಫಲಕದಲ್ಲಿ ಶಿಲ್ಪಿಗೂ ಒಂದು ಸಾಲು ಇರಲಿ. ಮುಜರಾಯಿ ಇಲಾಖೆಯ ಕೆಳಗೆ 34,000ಕ್ಕೂ ಹೆಚ್ಚು ದೇವಸ್ಥಾನಗಳಿವೆ. ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಕನಕಾ ಅವರದ್ದಷ್ಟೇ ಅಲ್ಲ, ವಾದಿರಾಜರದ್ದು, ಇನ್ನೂ ಎಷ್ಟೋ ಶಿಲ್ಪಿಗಳದ್ದು ಹೊರಗೆ ಬರುತ್ತದೆ.

ಇನ್ನೊಂದು ಕಾರಣಕ್ಕೂ ಅವಸರವಿದೆ. ವಿಗ್ರಹಗಳು ಸವೆಯುತ್ತವೆ. ದಿನಾ ಅಭಿಷೇಕ, ದಿನಾ ಒರೆಸುವುದು, ಹಬ್ಬಕ್ಕೆ ಉಜ್ಜುವುದು. ಬಳಪದ ಕಲ್ಲಿನಂಥ ಮೆತ್ತಗಿನ ಕಲ್ಲಾದರೆ ಕಿರೀಟದ ಮಣಿ, ಬೆರಳ ತುದಿ, ಸೊಂಟದ ಪಟ್ಟಿಯ ಗೆರೆ ನಿಧಾನವಾಗಿ ಮಾಸುತ್ತವೆ. ಒಡೆದು ಭಿನ್ನವಾದರೆ ವಿಗ್ರಹವನ್ನು ನೀರಿಗೆ ಬಿಟ್ಟು ಹೊಸದನ್ನು ತರುವ ಪದ್ಧತಿ ಇದೆ. ಪದ್ಧತಿ ಇರಲಿ. ಆದರೆ ನೀರಿಗೆ ಬಿಡುವ ಮುಂಚೆ ಫೋಟೋ ಇರಬೇಕು, ಅಳತೆ ಇರಬೇಕು. ಇಲ್ಲದಿದ್ದರೆ ಆ ಶಿಲ್ಪಿಯ ಬದುಕಿನ ಒಂದು ವರ್ಷವೇ ಗುರುತಿಲ್ಲದೆ ಹೋಗುತ್ತದೆ.

ಈಗ ರಸ್ತೆಯ, ಪಾರ್ಕಿನ ಮೂರ್ತಿಗಳ ವಿಷಯ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಬ್ಬ ಹಿರಿಯರ ಕಲ್ಲಿನ ಮೂರ್ತಿ ಇದೆ. ಅದು ಕನಕಾ ಅವರದ್ದಲ್ಲ, ಯಾರದ್ದು ಎಂದು ಯಾರಿಗೂ ಗೊತ್ತಿಲ್ಲ. ಒಂದು ವರ್ಷ ನವೆಂಬರ್ 1ಕ್ಕೆ ಮುಂಚೆ ಯಾರೋ ಉತ್ಸಾಹದಿಂದ ಅದಕ್ಕೆ ತಲೆಯಿಂದ ಪೀಠದವರೆಗೆ ಬಂಗಾರದ ಬಣ್ಣ ಬಳಿಸಿದರು. ಒಂದೇ ದಿನದಲ್ಲಿ ಮುಖ ಹೋಯಿತು. ರೆಪ್ಪೆಯ ಗೆರೆ, ತುಟಿಯ ಅಂಚು, ಹಣೆಯ ಮಡಿಕೆ ಎಲ್ಲ ಬಣ್ಣದಲ್ಲಿ ತುಂಬಿಕೊಂಡವು. ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಭಕ್ತಿಯೇ. ಮುಂದಿನ ವರ್ಷ ಬಣ್ಣ ಸುಲಿಯತೊಡಗಿತು, ಆಗ ತಂತಿಯ ಬ್ರಷ್ಷಿನಿಂದ ಕೆರೆದರು. ಬಣ್ಣದ ಜೊತೆ ಕಲ್ಲಿನ ಮೈಯೂ ಹೋಯಿತು. ಇಂಥದ್ದು ಕುವೆಂಪು ಅವರ ಮೂರ್ತಿಗೆ ಆಗಬಾರದು. ಯಾವ ಮೂರ್ತಿಗೂ ಆಗಬಾರದು.

ಕಲ್ಲಿನ ಜೊತೆ ಬದುಕುವುದು ಕಷ್ಟವೇನಲ್ಲ. ಅದಕ್ಕೆ ಬೇಕಾಗಿರುವುದು ಬಹಳ ಕಡಿಮೆ. ಬರೀ ನೀರು, ಮೆತ್ತಗಿನ ಬ್ರಷ್ಷು, ಒಣಗಿದ ಬಟ್ಟೆ. ಆ್ಯಸಿಡ್ ಬೇಡ, ಸೋಪಿನ ಪುಡಿ ಬೇಡ, ಪೈಪಿನಿಂದ ಜೋರಾಗಿ ನೀರು ಹೊಡೆಯುವುದು ಬೇಡ, ಮರಳು ಊದುವ ಯಂತ್ರವಂತೂ ಬೇಡವೇ ಬೇಡ. ಬಿರುಕಿಗೆ ಸಿಮೆಂಟ್ ತುಂಬಬೇಡಿ. ಕಬ್ಬಿಣದ ಕ್ಲಾಂಪ್ ಹಾಕಿದರೆ ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಹಾರ ಹಾಕಿ, ಆದರೆ ಮಾರನೇ ದಿನ ತೆಗೆಯಿರಿ, ಕೊಳೆತ ಹೂವಿನ ಕಲೆ ಬಿಡುವುದಿಲ್ಲ. ಎಣ್ಣೆ ಹಚ್ಚುವ ಸಂಪ್ರದಾಯ ಇರುವ ಕೃಷ್ಣಶಿಲೆಯ ವಿಗ್ರಹವಾದರೆ ತೆಳುವಾಗಿ ಹಚ್ಚಿ ಒರೆಸಿ. ಬೀದಿಯ ಮೂರ್ತಿಗೆ ಮಾತ್ರ ಎಣ್ಣೆ ಬೇಡ, ವಾಹನದ ಹೊಗೆ, ಧೂಳು ಎಲ್ಲ ಅಂಟಿ ಕಪ್ಪು ಪದರ ಕಟ್ಟುತ್ತದೆ. ಪಾಲಿಕೆಯ ಪಾರ್ಕು ನೋಡಿಕೊಳ್ಳುವವರಿಗೆ, ತೋಟಗಾರಿಕೆ ಇಲಾಖೆಯ ಸಿಬ್ಬಂದಿಗೆ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟರೆ ಸಾಕು. ಅಕಾಡೆಮಿಗೆ ಇದು ಒಂದು ದಿನದ ಕೆಲಸ.

ಕಾನೂನು ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ, ಆದರೆ ಕೈಗೆ ಬರುವುದು ಸ್ವಲ್ಪವೇ. ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ 1972ರ ಕಾಯ್ದೆ ಶಿಲ್ಪವನ್ನು ಪುರಾತನ ವಸ್ತು ಎಂದು ಒಪ್ಪಬೇಕಾದರೆ ಅದಕ್ಕೆ 100 ವರ್ಷ ಆಗಿರಬೇಕು. ಅಷ್ಟು ಹಳೆಯದಲ್ಲದ, ತೀರಿಹೋದ ಕಲಾವಿದರ ಕೃತಿಗಳನ್ನು ಕೇಂದ್ರ ಸರ್ಕಾರ ಕಲಾ ನಿಧಿ ಎಂದು ಘೋಷಿಸಬಹುದು. ರವಿ ವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ಜಾಮಿನಿ ರಾಯ್, ರವೀಂದ್ರನಾಥ ಟಾಗೋರ್ ಹೀಗೆ 9 ಜನರ ಹೆಸರು ಆ ಪಟ್ಟಿಯಲ್ಲಿ ಪ್ರಸಿದ್ಧ. ಶಿಲ್ಪಿಯೆಂದು ಹೆಸರಾದವರು ಅದರಲ್ಲಿ ಒಬ್ಬರೂ ಇಲ್ಲ. ಹಾಗಾಗಿ ದೆಹಲಿಯ ಕಡೆ ನೋಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ನಮ್ಮ ರಾಜ್ಯವೇ ಮಾಡಬೇಕು.

ಹಕ್ಕುಸ್ವಾಮ್ಯದ 1957ರ ಕಾಯ್ದೆ ಸ್ವಲ್ಪ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ ಕನಕಾ ಅವರ ಶಿಲ್ಪಗಳಿಗೆ 2081ರ ಕೊನೆಯವರೆಗೆ. ಇದು ನನ್ನ ಕೃತಿ ಎಂದು ಹೇಳುವ ಹಕ್ಕು, ಅದನ್ನು ವಿರೂಪ ಮಾಡಿ ಹೆಸರಿಗೆ ಧಕ್ಕೆ ತಂದರೆ ತಡೆಯುವ ಹಕ್ಕು ಕೂಡ ಕಾಯ್ದೆಯಲ್ಲಿದೆ. ಶಿಲ್ಪಿ ಅಮರನಾಥ್ ಸೆಹಗಲ್ ಅವರ ಪ್ರಕರಣ ನೆನಪಿಸಿಕೊಳ್ಳಿ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅವರು ಮಾಡಿದ್ದ ದೊಡ್ಡ ಕಂಚಿನ ಶಿಲ್ಪವನ್ನು 1979ರಲ್ಲಿ ಅವರಿಗೆ ಹೇಳದೆಯೇ ಕಿತ್ತು ಉಗ್ರಾಣಕ್ಕೆ ಹಾಕಿದರು, ಅದು ಮುರಿಯಿತು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ತುಂಡುಗಳನ್ನು ಅವರಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ತೀರ್ಪು ಒಳ್ಳೆಯದೇ. ಆದರೆ ಶಿಲ್ಪ ಹೋಗಿಯಾಗಿತ್ತು. ಸೆಹಗಲ್ ಬದುಕಿದ್ದರು, ಹೋರಾಡಿದರು. ಕನಕಾ ಈಗ ಇಲ್ಲ. ಅವರ ಮನೆಯವರೊಬ್ಬರ ಮೇಲೇ ಈ ಭಾರವೆಲ್ಲ ಹಾಕುವುದು ನ್ಯಾಯವಲ್ಲ.

ಮನೆಗಳಲ್ಲಿ ಇಟ್ಟುಕೊಂಡವರಿಗೆ ಈಗ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಏನಾಗುತ್ತಿದೆ ಎಂದು ಎಲ್ಲರೂ ನೋಡುತ್ತಿದ್ದೀರಿ. ಬಸವನಗುಡಿ, ಮಲ್ಲೇಶ್ವರ, ಜಯನಗರ. ಅಪ್ಪ ಅಮ್ಮ ಹೋದ ಮೇಲೆ ಮನೆ ಬಿಲ್ಡರ್‌ಗೆ ಹೋಗುತ್ತದೆ. ಮಕ್ಕಳು ಒಬ್ಬರು ಡಲ್ಲಾಸ್‌ನಲ್ಲಿ, ಒಬ್ಬರು ಸಿಡ್ನಿಯಲ್ಲಿ. ಹತ್ತು ದಿನದ ರಜೆಯಲ್ಲಿ ಬಂದು ನಲವತ್ತು ವರ್ಷದ ಸಾಮಾನು ವಿಲೇವಾರಿ ಮಾಡಬೇಕು. ಆಗ ದೇವರ ಮನೆಯ ಕಲ್ಲಿನ ವಿಗ್ರಹ ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಭಾರ ಜಾಸ್ತಿ, ವಿಮಾನದಲ್ಲಿ ಒಯ್ಯಲು ಆಗುವುದಿಲ್ಲ. ಫ್ಲ್ಯಾಟಿನಲ್ಲಿ ಜಾಗವಿಲ್ಲ. ದೊಡ್ಡ ಕಲ್ಲಿನ ವಿಗ್ರಹ ಮನೆಯಲ್ಲಿದ್ದರೆ ದಿನಾ ನೈವೇದ್ಯ ಆಗಬೇಕು ಎಂಬ ಭಯ ಬೇರೆ. ಯಾರೋ ಹೇಳುತ್ತಾರೆ, ಅರಳಿಕಟ್ಟೆಯಲ್ಲಿ ಇಟ್ಟು ಬನ್ನಿ ಅಂತ. ಇಟ್ಟು ಬರುತ್ತಾರೆ. ಅದು ವಾದಿರಾಜರ ಶಿಷ್ಯೆ ತಿಂಗಳುಗಟ್ಟಲೆ ಕೂತು ತಾಳಮಾನದ ಲೆಕ್ಕ ಹಿಡಿದು, ಮುಖಕ್ಕೆ ಇಷ್ಟು, ಎದೆಗೆ ಇಷ್ಟು, ಮೊಣಕಾಲಿಗೆ ಇಷ್ಟು ಎಂದು ದಾರ ಹಿಡಿದು ಕೆತ್ತಿದ ಕಲ್ಲು ಎಂದು ಆ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಅಮ್ಮನಿಗೆ ಗೊತ್ತಿತ್ತು. ಅಮ್ಮ ಹೇಳುವ ಸಂದರ್ಭ ಬರಲಿಲ್ಲ, ಅಷ್ಟೇ.

ಆದ್ದರಿಂದ ಇದನ್ನು ಓದುತ್ತಿರುವವರು ದಯವಿಟ್ಟು ಇವತ್ತೇ ನಿಮ್ಮ ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನು ಕೇಳಿ. ಈ ವಿಗ್ರಹ ಎಲ್ಲಿಂದ ಬಂತು, ಯಾರು ಮಾಡಿಕೊಟ್ಟರು, ಎಷ್ಟು ಕೊಟ್ಟಿರಿ, ಯಾವ ವರ್ಷ. ಒಂದು ಚೀಟಿಯಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಮುಂದೆ, ಹಿಂದೆ, ಎರಡೂ ಬದಿ. ಹಿಂಭಾಗವನ್ನು ಬಿಡಬೇಡಿ. ಮುಂದಿನ ಮೈ ನಯವಾಗಿ ಉಜ್ಜಿರುತ್ತದೆ, ಹಿಂದೆ ಉಳಿಯ ಗುರುತು ಹಾಗೇ ಉಳಿದಿರುತ್ತದೆ, ಕೈ ಯಾರದ್ದು ಎಂದು ತಿಳಿದವರು ಗುರುತಿಸುವುದು ಅಲ್ಲಿಂದಲೇ. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟರೆ ಅಳತೆಯೂ ಸಿಗುತ್ತದೆ. ಬೀದಿಯಲ್ಲಿ, ಪಾರ್ಕಿನಲ್ಲಿ ಶಾಶ್ವತವಾಗಿ ನಿಲ್ಲಿಸಿರುವ ಮೂರ್ತಿಗಳ ಫೋಟೋ ತೆಗೆಯಲು ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ, ಆದ್ದರಿಂದ ಹೆದರಬೇಡಿ.

ಇಟ್ಟುಕೊಳ್ಳಲು ನಿಜವಾಗಿಯೂ ಆಗದವರಿಗೆ ಒಂದು ದಾರಿ ಬೇಕು. ಇದು ಅಕಾಡೆಮಿಯ ಕೆಲಸ. ಇಂಥ ಶಿಲ್ಪಿಗಳ ಕೃತಿಗಳನ್ನು ತೆಗೆದುಕೊಳ್ಳುತ್ತೇವೆ, ರಸೀದಿ ಕೊಡುತ್ತೇವೆ, ಕೊಟ್ಟವರ ಹೆಸರು ಬರೆದಿಡುತ್ತೇವೆ ಎಂದು ಒಂದು ಪ್ರಕಟಣೆ ಕೊಡಿ. ತಂದುಕೊಟ್ಟದ್ದನ್ನು ಉಗ್ರಾಣದಲ್ಲಿ ಪ್ಲಾಸ್ಟಿಕ್ ಸುತ್ತಿ ಇಡಬೇಡಿ. ಊರಿನ ಗ್ರಂಥಾಲಯದಲ್ಲಿ, ಹೆಣ್ಣುಮಕ್ಕಳ ಕಾಲೇಜಿನಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಜನ ಓಡಾಡುವ ಕಡೆ ಇಡಿ. ಕನಕಾ ಅವರ ಕಲ್ಲುಗಳು ಗಾಜಿನ ಪೆಟ್ಟಿಗೆಗೆ ಮಾಡಿದವಲ್ಲ. ಪಕ್ಕದಲ್ಲಿ ನಿಂತು ನೋಡಲು, ಮುಟ್ಟಲು, ಎದುರಿಗೆ ಕೂತು ಹೂವು ಕಟ್ಟಲು ಮಾಡಿದವು. ಸಂಗೀತಗಾರರ ಮೂರ್ತಿಗಳನ್ನು ಸಂಗೀತ ನಡೆಯುವ ಕಡೆಯೇ ಇಡಬೇಕು ಎಂಬುದು ನನ್ನ ಆಸೆ. ಗಂಗೂಬಾಯಿಯವರ ಮುಖ ಅವರದೇ ಗಾಯನ ಪರಂಪರೆಯಾದ ಕಿರಾಣಾ ಘರಾಣೆ ಕಲಿಯುವ ಮಕ್ಕಳ ಎದುರಿಗೆ ಇದ್ದರೆ ಎಷ್ಟು ಚೆನ್ನ.

ಉಪಕರಣಗಳ ಬಗ್ಗೆಯೂ ಒಂದು ಮಾತು. ಶಿಲ್ಪಿ ಹೋದ ಮೇಲೆ ಮೊದಲು ಕಾಣೆಯಾಗುವುದು ಉಳಿ, ಚಾಣ, ಸುತ್ತಿಗೆ, ಅಳತೆಯ ಕಡ್ಡಿ, ಕಾಗದದ ಮೇಲೆ ಬರೆದ ರೇಖೆಗಳು, ಮಣ್ಣಿನಲ್ಲಿ ಮಾಡಿಕೊಂಡ ಮಾದರಿ, ಅರ್ಧಕ್ಕೆ ನಿಂತ ಕಲ್ಲು. ಅರ್ಧಕ್ಕೆ ನಿಂತ ಕಲ್ಲು ಕಲಿಯುವವರಿಗೆ ಮುಗಿದ ಶಿಲ್ಪಕ್ಕಿಂತ ಹೆಚ್ಚು ಹೇಳಿಕೊಡುತ್ತದೆ, ಎಲ್ಲಿಂದ ಶುರು ಮಾಡಿದರು, ಯಾವ ಭಾಗ ಕೊನೆಗೆ ಬಿಟ್ಟರು ಎಂದು ಅಲ್ಲಿ ಕಾಣುತ್ತದೆ. ಕುಟುಂಬದವರು ಒಪ್ಪಿದರೆ, ಅವರಿಗೆ ತೊಂದರೆ ಆಗದ ಹಾಗೆ, ಇವುಗಳ ಫೋಟೋ ಮತ್ತು 3ಡಿ ಸ್ಕ್ಯಾನ್ ಆಗಲಿ. ಈಗ ಒಳ್ಳೆಯ ಕ್ಯಾಮೆರಾದಲ್ಲಿ ಸುತ್ತಲಿಂದ ತೆಗೆದ ಚಿತ್ರಗಳನ್ನು ಜೋಡಿಸಿಯೇ 3ಡಿ ಮಾದರಿ ಮಾಡಬಹುದು. ಕಲಾಶಾಲೆಗಳ ವಿದ್ಯಾರ್ಥಿಗಳಿಗೆ ಇದನ್ನೇ ಪ್ರಾಜೆಕ್ಟ್ ಆಗಿ ಕೊಡಿ, ಕಲಿಯುತ್ತಾರೆ, ಪಟ್ಟಿಯೂ ಬೆಳೆಯುತ್ತದೆ. ಸ್ಕ್ಯಾನ್ ಇಟ್ಟುಕೊಂಡು ಯಾರೂ ಫೈಬರ್ ನಕಲು ಮಾಡಿ ಮಾರದ ಹಾಗೆ ಹಕ್ಕು ಮನೆಯವರ ಹತ್ತಿರವೇ ಇರಬೇಕು.

ದುಡ್ಡು ಎಲ್ಲಿದೆ ಎಂದು ಕೇಳಬಹುದು. ಪಟ್ಟಿಗೆ ಬೇಕಾದದ್ದು ಇಬ್ಬರು ಹುಡುಗ ಹುಡುಗಿಯರು, ಒಂದು ಕ್ಯಾಮೆರಾ, ಬಸ್ ಚಾರ್ಜು, ಒಂದು ವೆಬ್‌ಸೈಟು. ಹೊಸ ಪ್ರತಿಮೆಗಳಿಗೆ ನಮ್ಮ ರಾಜ್ಯದಲ್ಲಿ ಎಂದೂ ದುಡ್ಡಿನ ಕೊರತೆ ಆಗಿಲ್ಲ. ಇರುವ ಪ್ರತಿಮೆಗಳ ಲೆಕ್ಕ ಬರೆಯಲೂ ಸ್ವಲ್ಪ ತೆಗೆದಿಡಿ.

ಅಕಾಡೆಮಿಯವರಿಗೆ ನನ್ನ ಮನವಿ ಇಷ್ಟು. ಬರುವ ಡಿಸೆಂಬರ್ 2, ಕನಕಾ ಅವರು ಹುಟ್ಟಿದ ದಿನ. ಅಷ್ಟರೊಳಗೆ ಮೊದಲ ಪಟ್ಟಿ ಪ್ರಕಟಿಸಿ. 200 ಇರಬೇಕಾಗಿಲ್ಲ, 20 ಇದ್ದರೂ ಸರಿ, ತಪ್ಪಿದ್ದರೆ ಜನರೇ ತಿದ್ದುತ್ತಾರೆ. ಲಾಲ್‌ಬಾಗ್‌ನ ಕುವೆಂಪು ಮೂರ್ತಿಯ ಬಳಿ, ದಾರಿಯಲ್ಲಿ ಹೋಗುವವರಿಗೆ ಓದಲು ಆಗುವಷ್ಟು ದೊಡ್ಡದಾಗಿ, ಕನ್ನಡದಲ್ಲಿ, "ಶಿಲ್ಪಿ: ಕನಕಾ ಮೂರ್ತಿ, 1942–2021" ಎಂದು ಒಂದು ಕಲ್ಲು ನಿಲ್ಲಿಸಿ. ಫೋಟೋ ಮತ್ತು ಮಾಹಿತಿ ಕಳಿಸಲು ಜನರಿಗೆ ಒಂದು ವಿಳಾಸ ಕೊಡಿ. ವಿಳಾಸ ಬಂದ ದಿನವೇ ನಮ್ಮ ಬೀದಿಯ ಮನೆ ಮನೆಗೆ ಹೋಗಿ ಕೇಳಲು ನಾನು ಮತ್ತು ನನ್ನ ಗೆಳೆಯರು ಸಿದ್ಧರಿದ್ದೇವೆ.

ಇಂತಿ,
ಬಸವನಗುಡಿಯ ಒಬ್ಬ ನಿವಾಸಿ